ಗಾಜಿನ ಮೇಲಿನ ಬಿಳುಪು

ಗಾಜಿನ ಮೇಲೆ ಒಂದು ಮೋಡ ಬಂತು, ಹೋಯಿತು, ಅದರ ಹಿಂದೆ ತಮ್ಮನ ಮುಖ ಇತ್ತೋ ಇಲ್ಲವೋ, ಮತ್ತೆ ಬರೀ ಬಿಳುಪು — ಸಾಯಂಕಾಲ ಐದರ ಬೆಳಕೇ ಹೀಗೆ, ಎಂಜಿನ್ನಿನ ಮುಂದಿನ ಗಾಜನ್ನು ಸುಣ್ಣ ಬಳಿದ ಗೋಡೆ ಮಾಡಿಬಿಡುತ್ತದೆ, ಅಂದುಕೊಂಡ ಅವನು, ಕ್ಯಾಮೆರಾ ಎದೆಗೊತ್ತಿಕೊಂಡು ಜಲ್ಲಿಯ ಮೇಲೆ ಕಾಲು ಊರುತ್ತ, ಮಂಡಿ ಈಗ ಮಾತು ಕೇಳುವುದಿಲ್ಲ, ರೈಲ್ವೆಯ ಫೋಟೊ ಕೆಲಸ ಬಿಟ್ಟು ಆರು ವರ್ಷ, ಆದರೂ ಶೆಡ್ಡಿನಲ್ಲಿ ಯಾರು ನಿವೃತ್ತರಾದರೂ ಮೇಸ್ತ್ರಿ ಇವನಿಗೇ ಹೇಳಿಕಳಿಸುತ್ತಾನೆ, ಬಾರಪ್ಪಾ ಫೋಟೊ ಅಜ್ಜ, ಇವತ್ತು ನಿನ್ನ ತಮ್ಮನದೇ ಸರದಿ, ಡ್ರೈವರ್ ಸೀಟಲ್ಲೇ ಕೂರಿಸಿದೀವಿ, ಕೊನೇ ದಿನ ಕೂತ್ಕೊಳ್ಲಿ ಪಾಪ, ಹನ್ನೊಂದು ವರ್ಷ ದೀಪ ಒರೆಸಿದಾನೆ. ದೀಪ ಒರೆಸಿದ್ದಾನೆ, ಹೌದು, ಎಕ್ಸ್‌ಪ್ರೆಸ್ ಓಡಿಸುತ್ತಿದ್ದ ಕೈ, ಲ್ಯಾಂಪ್ ರೂಮಿನ ಮೂಲೆಯಲ್ಲಿ ಚಿಂದಿ ಬಟ್ಟೆ ಹಿಡಿದ ಕೈ, ಅದಕ್ಕೆ ಕಾರಣವಾದದ್ದು ಇಲ್ಲೇ ಅಂಗಿ ಜೇಬಿನಲ್ಲಿದೆ, ಪುಟ್ಟ ಡಬ್ಬಿಯಲ್ಲಿ, ಒಂದು ಬಳೆ, ಬಳೆಯೊಳಗೆ ಒಂದು ಕಪ್ಪು ಗಾಜು. ಅದೇನು ಮಹಾ ವಿದ್ಯೆಯಲ್ಲ, ಆ ಫಿಲ್ಟರನ್ನು ಲೆನ್ಸಿನ ಮುಂದೆ ಸಿಕ್ಕಿಸಿ ತಿರುಗಿಸಬೇಕು, ನೇರ ಎದುರಿಗೆ ನಿಂತರೆ ಏನೂ ಆಗದು, ಒಂದಿಷ್ಟು ಓರೆಗೆ ನಿಲ್ಲಬೇಕು, ತಿರುಗಿಸುತ್ತ ತಿರುಗಿಸುತ್ತ ಒಂದು ಕಡೆ ಬಂದಾಗ ಹೊಳಪು ಜಾರಿಹೋಗಿ ಗಾಜಿನಾಚೆ ಇರುವುದೆಲ್ಲ ಕಾಣುತ್ತದೆ, ಮೂವತ್ತು ವರ್ಷ ರೈಲಿನ ಫೋಟೊ ತೆಗೆದವನಿಗೆ ತಲೆ ಬೇಡ, ಕೈಯೇ ಮಾಡಿಬಿಡುತ್ತದೆ, ಅವತ್ತೂ ಕೈಯೇ ಮಾಡಿತಲ್ಲ — ತಮ್ಮ ಕೆಂಪು ಸಿಗ್ನಲ್ ದಾಟಿದ ಮರುದಿನ, ಎರಡು ಬೋಗಿ ಹಳಿ ಬಿಟ್ಟು ವಾಲಿ ನಿಂತಿದ್ದವು, ಯಾರ ಜೀವಕ್ಕೂ ಏನೂ ಆಗಿರಲಿಲ್ಲ ಸದ್ಯ, ವಿಚಾರಣೆಯ ಸಾಹೇಬರು, ಡ್ರೈವರ್ ಸೀಟಿಂದ ಏನು ಕಾಣುತ್ತೋ ಅದನ್ನ ಅದೇ ಹೊತ್ತಿಗೆ ತೆಗೀರಿ, ಸ್ಪಷ್ಟವಾಗಿರಲಿ ಮತ್ತೆ, ಅಂದರು, ಇವನು ಹತ್ತಿ ಕೂತ, ಮುಂದಿನ ಹಲಗೆಯ ಮೇಲೆ ವೇಳಾಪಟ್ಟಿಯ ಬಿಳಿ ಹಾಳೆ, ಬಿಸಿಲು ಹಾಳೆಗೆ ಹೊಡೆದು, ಹಾಳೆ ಗಾಜಿಗೆ ಹೊಡೆದು, ದಾರಿಯೆಲ್ಲ ಬಿಳುಪು, ಕೈ ಬಳೆ ತಿರುಗಿಸಿತು, ಬಿಳುಪು ಹೋಯಿತು, ಸಿಗ್ನಲ್ ಕೆಂಡದ ಹಾಗೆ ಕಂಡಿತು, ಒತ್ತಿದ. ಇಂಥ ಫೋಟೊ ನಾನು ನೋಡೇ ಇಲ್ಲ ಕಣ್ರೀ, ಅಂದರು ಸಾಹೇಬರು, ಬಿಸಿಲು ಕಣ್ಣು ಕಟ್ಟಿತು ಅಂತಾನಲ್ಲ ಇವನು, ಎಲ್ಲಿದೆ ಬಿಸಿಲು? ಆಗಲಾದರೂ ಬಾಯಿ ಬಿಡಬೇಕಿತ್ತು, ಸಾರ್, ಬಿಸಿಲನ್ನ ನಾನೇ ಅಳಿಸಿದ್ದು, ಅಷ್ಟೇ ಮಾತು, ಹೊಗಳಿಕೆಗೋ ಹೆದರಿಕೆಗೋ, ನಾಳೆ ಹೇಳೋಣ ಅಂದುಕೊಂಡ, ಮೇಜಿನಾಚೆ ಕೂತ ತಮ್ಮ ಆ ಫೋಟೊವನ್ನು ತುಂಬ ಹೊತ್ತು ನೋಡಿದ, ಅಣ್ಣನನ್ನು ಒಂದು ಸಲ ನೋಡಿದ, ತಪ್ಪು ನನ್ನದೇ ಅಂತ ಬರೆದ ಕಾಗದಕ್ಕೆ ಸಹಿ ಹಾಕಿದ.

ಮನೆಗೆ ಬರುವುದನ್ನಾದರೂ ತಮ್ಮ ಬಿಟ್ಟಿದ್ದರೆ ಹಗುರಾಗುತ್ತಿತ್ತು, ಬಿಡಲಿಲ್ಲ, ಭಾನುವಾರ ಬರುವುದೇ, ಅತ್ತಿಗೇ ಕಾಫಿಗೆ ಸಕ್ಕರೆ ಹಾಕೋದು ಮರೆತ್ರಾ, ಇಲ್ಲ ಅಣ್ಣ ಕದ್ದು ತಿಂದನಾ, ಅಂತ ನಗಿಸುವುದೇ, ಒಂದು ದಿನವೂ ಎತ್ತಿ ಆಡಲಿಲ್ಲ, ಅವನಿಗೆಲ್ಲಿ ಗೊತ್ತು ಈ ಗಾಜಿನ ವಿಷಯ, ಅಂತ ತನಗೆ ತಾನೇ ಹೇಳಿಕೊಂಡು ಮಲಗಿದ್ದೆಷ್ಟು ಸಲ, ಸಾಕಾಗಿದೆ, ಇದನ್ನು ಹೊತ್ತು ಹೊತ್ತು ಸಾಕಾಗಿದೆ — ಇವತ್ತು ಹೇಳಬೇಕು, ಈಗಿನ ಸಾಹೇಬರು ಆಫೀಸಿನಲ್ಲೇ ಇದ್ದಾರೆ, ನಿವೃತ್ತಿಯ ಕಾಗದಕ್ಕೆ ಇನ್ನೂ ಮೊಹರು ಬಿದ್ದಿಲ್ಲ, ಈಗ ಹೇಳಿದರೆ ಅದರಲ್ಲಿ ದೀಪದವನು ಅಂತಲ್ಲದೆ ಡ್ರೈವರ್ ಅಂತ ಬರೆದಾರು, ನಾಳೆಯಾದರೆ ಯಾರೂ ಬರೆಯುವುದಿಲ್ಲ. ಏಯ್ ಅಜ್ಜಾ, ಎಂಜಿನ್ ಒಳಗೆ ತಗೊಂಡು ಹೋಗ್ಬೇಕು, ಮುಹೂರ್ತ ನೋಡ್ತಿದೀಯಾ, ಅಂದ ಮೇಸ್ತ್ರಿ. ಎಂಜಿನ್ನಿನ ಪಕ್ಕದ ಕಿಟಕಿಯಿಂದ ತಮ್ಮ ತಲೆ ಹೊರಗೆ ಹಾಕಿದ, ಮುಂದಿನ ಎರಡು ಹಲ್ಲಿಲ್ಲದ ನಗು, ಅಣ್ಣಾ, ಹಾಗೇ ತೆಗೆದ್ರೆ ನನ್ನ ಮುಖ ಬರಲ್ಲ ಕಣೋ, ಅವತ್ತು ಹಾಕಿದ್ಯಲ್ಲ, ಅದನ್ನೇ ಹಾಕ್ಕೋ. ಅವತ್ತು — ಹಾಗಾದರೆ ಗೊತ್ತಿತ್ತು, ಆ ಮೇಜಿನಾಚೆಯೇ ಗೊತ್ತಿತ್ತು, ಹೇಳಲಿ ಅಂತ ನೋಡಿದ್ದು, ಪ್ರತಿ ಭಾನುವಾರ ಹೇಳಲಿ ಅಂತ ಬಂದದ್ದು, ಕಾಫಿ ಆರುವವರೆಗೆ ಕೂತು ಎದ್ದು ಹೋದದ್ದು, ಜೇಬಿನಿಂದ ಡಬ್ಬಿ ತೆಗೆದ, ಮುಚ್ಚಳ ಜಲ್ಲಿಗೆ ಬಿತ್ತು, ಬೀಳಲಿ, ಬಳೆಯನ್ನು ಲೆನ್ಸಿಗೆ ಸಿಕ್ಕಿಸಿದ, ಮೇಸ್ತ್ರೀ, ಅಂದ, ಸಾಹೇಬರನ್ನ ಕರೆಯಪ್ಪ, ಅವರೂ ಒಂದು ಸಲ ಇದರಲ್ಲಿ ನೋಡಬೇಕು, ಯಾಕಜ್ಜಾ, ಅಂದದ್ದಕ್ಕೆ, ಕರಿ ನೀನು, ಅಂದು ಕಣ್ಣು ಕ್ಯಾಮೆರಾದ ಕಿಂಡಿಗಿಟ್ಟ, ಬೆರಳು ಬಳೆ ತಿರುಗಿಸಿತು, ತಮ್ಮನ ಮುಖ, ಇನ್ನೊಂದು ಚೂರು, ಬಿಳುಪು, ಮುಖ, ಬಿಳುಪು, ಸಾಹೇಬರ ಹೆಜ್ಜೆಯ ಸದ್ದು ಹತ್ತಿರ ಬರುವ ಹೊತ್ತಿಗೆ ಬೆರಳನ್ನು ಅಲ್ಲೇ ನಿಲ್ಲಿಸಿದ, ಅವರು ಮೊದಲು ನೋಡಬೇಕಾದ್ದು ಅವತ್ತು ತಮ್ಮನಿಗೆ ಕಂಡದ್ದನ್ನೇ, ಬಿಳುಪು.