ಬೆಂಕಿಪೊಟ್ಟಣ ಕಾರ್ಖಾನೆಯ ಪುಟ

ಮುದ್ರಣಾಲಯದಲ್ಲಿ ಇಪ್ಪತ್ತೆಂಟು ವರ್ಷ ಪ್ರೂಫ್ ತಿದ್ದಿ ಕಣ್ಣು ಸವೆಸಿಕೊಂಡಿದ್ದ ಅವಳ ಮೇಜಿಗೆ ಆ ವರ್ಷ ನಗರದ ಚರಿತ್ರೆ ಬಂತು. ಪ್ರೊಫೆಸರೊಬ್ಬರು ಬರೆದ ಒಂಬೈನೂರು ಪುಟ. ಚರಂಡಿ ಯಾವಾಗ ಬಂತು, ನಾಟಕದ ಕಂಪನಿಗಳು ಎಲ್ಲಿ ಬೀಡುಬಿಟ್ಟವು, ಯಾವ ಬೀದಿಯವರು ಯಾರಿಗೆ ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲ, ಎಲ್ಲ ಇತ್ತು. ಅವಳ ತಾಯಿಯನ್ನು ನುಂಗಿದ ಬೆಂಕಿಪೊಟ್ಟಣ ಕಾರ್ಖಾನೆಗೆ ಮಾತ್ರ ಒಂದೇ ಸಾಲು: ‘ಆಕಸ್ಮಿಕ ಬೆಂಕಿಯಲ್ಲಿ ಕೆಲವರು ಅಸುನೀಗಿದರು.’

ಸತ್ತವರು ನಲವತ್ತೊಂದು ಹೆಂಗಸರು. ಆಗ ಅವಳಿಗೆ ಆರು ವರ್ಷ. ಅದೇ ಕಾರ್ಖಾನೆಯಲ್ಲಿದ್ದ ಚಿಕ್ಕಮ್ಮ ಬದುಕಿ ಉಳಿದು, ಮದುವೆಯ ಮಾತೆತ್ತದೆ ಅವಳನ್ನು ಸಾಕಿದಳು. ಅಕ್ಕನನ್ನು ಹೊರಗೆಳೆಯಲು ಹೋಗಿ ಚಿಕ್ಕಮ್ಮನ ಅಂಗೈಗಳು ಸುಟ್ಟವೆಂದು ಇಡೀ ಓಣಿ ನಂಬಿತ್ತು. ಚಿಕ್ಕಮ್ಮ ಹೌದೆಂದವಳಲ್ಲ, ಅಲ್ಲವೆಂದವಳೂ ಅಲ್ಲ.

ಅವಳು ಹೋಗಿ ಕೇಳಿದಾಗ, ದಾಖಲೆಯಲ್ಲಿ ಇದ್ದಷ್ಟೇ ಬರೆದಿದ್ದೇನೆ, ಕಂಡವರು ಯಾರಾದರೂ ಹೇಳಿದರೆ ಸೇರಿಸುತ್ತೇನೆ ಎಂದರು ಪ್ರೊಫೆಸರು. ಅವಳು ಭಾನುವಾರವೇ ಅವರನ್ನು ಮನೆಗೆ ಕರೆತಂದಳು.

ಚಿಕ್ಕಮ್ಮ ಗೋಡೆಗೊರಗಿ ಕೂತು ನಿಧಾನವಾಗಿ ಬಾಯಿಬಿಟ್ಟಳು. “ಬಾಗಿಲಿಗೆ ಹೊರಗಿಂದ ಬೀಗ ಬಿದ್ದಿತ್ತು ಸರ್. ಹಾಕಿದ್ದು ನಾನು.”

ಗಂಟೆ ಹೊಡೆಯುವ ಮೊದಲೇ ಹೆಂಗಸರು ಜಾರಿಕೊಳ್ಳುತ್ತಾರೆಂದು ಮೇಸ್ತ್ರಿಗೆ ಸಿಟ್ಟು. ಬೀಗ ಹಾಕಿ ಕೀಲಿಕೈ ತಂದುಕೊಡು ಎಂದು ಚಿಕ್ಕಮ್ಮನಿಗೆ ಅಪ್ಪಣೆ ಮಾಡಿದ್ದ. ಕೀಲಿಕೈ ಕೊಡಲು ಹೋದಾಗ ಅವನು ಮಾಲೀಕರ ಮುಂದೆ ಕೈಕಟ್ಟಿ ನಿಂತಿದ್ದ. ಇವಳು ಹೊರಗೆ ಕಾದಳು. ಹೊಗೆ ಕಂಡು ಓಡಿಬರುವಷ್ಟರಲ್ಲಿ ಬೀಗ ಕೆಂಡವಾಗಿತ್ತು. ಅಂಗೈ ಸುಟ್ಟದ್ದು ಆಗ. ಕೀಲಿಕೈ ತಿರುಗಲೇ ಇಲ್ಲ.

“ಒಳಗಿಂದ ಅಕ್ಕ ನನ್ನ ಹೆಸರು ಹಿಡಿದು ಕೂಗ್ತಿದ್ಲು. ನಾನು ಹೊರಗಿದೀನಿ, ತೆಗೀತೀನಿ ಅಂತ ಅವಳಿಗೆ ಧೈರ್ಯ.”

ಕೇಳುತ್ತ ಕೂತಿದ್ದ ಅವಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಮೂರು ದಿನ ಚಿಕ್ಕಮ್ಮನ ಮುಖ ನೋಡಲಿಲ್ಲ. ಸುಟ್ಟು ಸೊಟ್ಟಗಾದ ಆ ಬೆರಳುಗಳಿಗೆ ಬಾಚಣಿಗೆ ಹಿಡಿಯಲಾಗುತ್ತಿರಲಿಲ್ಲ, ಕೂದಲು ಗಂಟುಗಟ್ಟಿತು. ನಾಲ್ಕನೆಯ ದಿನ ಅವಳೇ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿದಳು.

ತಿಂಗಳ ನಂತರ ಹೊಸ ಪ್ರೂಫ್ ಬಂತು. ಅದರಲ್ಲಿ ‘ಕಾರ್ಮಿಕ ಮಹಿಳೆಯೊಬ್ಬಳು ಬಾಗಿಲಿಗೆ ಬೀಗ ಹಾಕಿದ್ದೇ ಸಾವುಗಳಿಗೆ ಕಾರಣವಾಯಿತು’ ಎಂದಿತ್ತು. ಮೇಸ್ತ್ರಿ ಇಲ್ಲ, ಮಾಲೀಕರಿಲ್ಲ, ನಲವತ್ತೊಂದೂ ಇಲ್ಲ.

ಪ್ರೊಫೆಸರ ಮನೆಗೆ ಹೋದರೆ ಅವರು ಕನ್ನಡಕ ಒರೆಸುತ್ತ ಕೂತರು. “ಅಪ್ಪಣೆ ಕೊಟ್ಟಿದ್ದಕ್ಕೆ ಕಾಗದ ಎಲ್ಲಿದೆ ಮೇಡಂ? ಮಾಲೀಕರ ಮನೆಯವರು ಇನ್ನೂ ಇದಾರೆ, ಕೋರ್ಟಿಗೆ ಎಳೀತಾರೆ. ಬೀಗದ ವಿಷಯ ನಿಮ್ಮ ಚಿಕ್ಕಮ್ಮನೇ ಒಪ್ಪಿಕೊಂಡಿದಾರಲ್ಲ.”

ಅವಳು ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದಳು. ಅದು ಹಾಗೇ ತಿರುಗಿ ಬಂತು. ಮತ್ತೆ ಹೊಡೆದಳು. ಈ ಸಲ ಮುದ್ರಣಾಲಯದ ಯಜಮಾನರು ಬಂದು, ಕಣ್ಣಿಗೆ ಸ್ವಲ್ಪ ದಿನ ವಿಶ್ರಾಂತಿ ಕೊಡಿ ಎಂದು ಪ್ರೂಫಿನ ಕಟ್ಟನ್ನೇ ಎತ್ತಿಕೊಂಡು ಹೋದರು. ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಪುಸ್ತಕ ಬಂದಾಗ ಅದನ್ನು ಬೀರುವಿನಲ್ಲಿ ಬಟ್ಟೆಯಡಿ ಇಟ್ಟಳು. ಓದು ಬಾರದ ಚಿಕ್ಕಮ್ಮನಿಗೆ ಪುಸ್ತಕ ಬಂದದ್ದು ಹೇಗೋ ತಿಳಿಯಿತು. ಓದು ಎಂದು ಪಟ್ಟುಹಿಡಿದಳು. ಸುಳ್ಳು ಓದಬಹುದಿತ್ತು. ಆಗಲಿಲ್ಲ, ಇದ್ದದ್ದನ್ನೇ ಓದಿದಳು.

ಚಿಕ್ಕಮ್ಮ ತಲೆ ತಗ್ಗಿಸಿ ಕೇಳಿದಳು.

“ಮೇಸ್ತ್ರಿ ಹೆಸರು?”

“ಇಲ್ಲ ಚಿಕ್ಕಮ್ಮ.”

“ನಿಮ್ಮಮ್ಮಂದು?”

“ಅದೂ ಇಲ್ಲ.”

“ಹಂಗಾದ್ರೆ ಆ ಕಾರ್ಖಾನೇಲಿ ಇದ್ದೋಳು ನಾನೊಬ್ಬಳೇ ಅಂತಾಯ್ತು,” ಎಂದಳು ಚಿಕ್ಕಮ್ಮ. ಆಮೇಲೆ, ಇನ್ನೊಂದು ಸಲ ಓದು ಎಂದಳು. ಅವಳು ಓದಿದಳು.