ಆರನೆಯ ತಂತಿ

ಸಾಲ್ಡರ್ ಕರಗಿತು, ಬೆಳ್ಳಿಯ ಹನಿಯಾಗಿ ಮಿನುಗಿತು, ಹೊಗೆ ನೇರ ಮೂಗಿಗೆ — ಎಂತ ಸುಡ್ತಾ ಇದ್ದಿ ಜಯಂತಿ, ಅಕ್ಕ ಸೋಫಾದಿಂದಲೇ ಕೇಳುತ್ತಾಳೆ, ಮಾತು ಇನ್ನೂ ತೊದಲು, ಗದರುವ ಧಾಟಿ ಮಾತ್ರ ಹಳೆಯದೇ, ಅಷ್ಟು ಸಾಕು ನನಗೆ, ಅಡಾಜಣ್ ಬಡಾವಣೆಯ ಅವಳ ಮನೆಯ ಊಟದ ಮೇಜನ್ನು ಬೆಳಗಿನಿಂದ ವರ್ಕ್‌ಶಾಪು ಮಾಡಿಕೊಂಡಿದ್ದೇನೆ, ಕೊಯಾಲಿಯ ರಿಫೈನರಿಯಲ್ಲಿ ಇಪ್ಪತ್ತಾರು ವರ್ಷ ಮೀಟರು ರಿಪೇರಿ ಮಾಡಿದ ಕೈ ಈಗ ಒಂದು ಆಟದ ಪ್ಯಾಡಿಗೆ ತಂತಿ ಬೆಸೆಯುತ್ತಿದೆ, ಸಂಭ್ರಮದಿಂದ, ಹೌದು, ಸಂಭ್ರಮದಿಂದಲೇ, ಚಿಕ್ಕಿ, ನ್ಯೂ ಒಂದು ಆರ್ಡರ್ ಮಾಡಿದ್ರೆ ಆಗ್ತದಲ್ಲ, ಅಕ್ಕನ ಮಗಳು ವಿಂಧ್ಯಾ ನಿನ್ನೆ ಕೇಳಿದಳು, ಹೊಸದಕ್ಕೆ ಎರಡು ಕೈ ಬೇಕು ಮಗಾ, ನಿನ್ನಮ್ಮನ ಬಲಗೈ ಮಾರ್ಚ್‌ನಿಂದ ಮಡಿಲಲ್ಲೇ ಮಲಗಿದೆ, ಪಾರ್ಶ್ವವಾಯು ಹೊಡೆದ ಮೇಲೆ ಪಾರ್ವತಕ್ಕ ಎಡಗೈಯಲ್ಲೂ ಏನನ್ನೂ ಹಿಡಿಯಲೊಲ್ಲಳು, ಚಮಚ ಕೂಡ — ಮೊನ್ನೆ ನಮ್ಮಪ್ಪನ ಹಳೆಯ ಕಂಪ್ಯೂಟರನ್ನು, ಹಿಂದೆ ನಾವಿಬ್ಬರೂ ಆಟ ಆಡುತ್ತಿದ್ದದ್ದನ್ನು, ಅಟ್ಟದಿಂದ ಇಳಿಸಿ ಟಿವಿಗೆ ಜೋಡಿಸಿದೆ, ನೀಲಿ ಪರದೆ ಕಂಡದ್ದೇ ಅವಳ ಕತ್ತು ನೆಟ್ಟಗಾಯಿತು, ದೋಣಿಯ ಆಟ ಉಂಟಾ ಅದ್ರಲ್ಲಿ? ಉಂಟು ಅಕ್ಕಾ, ಆದರೆ ಜಾಯ್‌ಸ್ಟಿಕ್ ಮುರಿದು ಯಾವ ಕಾಲವಾಯಿತು, ಆಮೇಲೆ ಬಂದ ಟಿವಿ ಗೇಮಿನ ಈ ಪ್ಯಾಡ್ ಒಂದೇ ಉಳಿದದ್ದು, ಇದರೊಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಭಾಷೆ ಆ ಕಂಪ್ಯೂಟರಿಗೆ ತಿಳಿಯದು, ಹಾಗಾದರೆ ಆ ಚಿಪ್ ಬೇಡವೇ ಬೇಡ, ಕಿತ್ತು ಹಾಕಿದೆ, ಪ್ರತಿ ಗುಂಡಿಗೂ ನೇರ ತಂತಿ, ನಾಲ್ಕು ದಿಕ್ಕಿಗೆ ನಾಲ್ಕು, ಅರ್ಥಿಂಗ್‌ಗೆ ಒಂದು, ಆರನೆಯದು ಗುಂಡು ಹಾರಿಸಲು — ಆ ಗುಂಡಿಯನ್ನು ಬಲಗಡೆಯಿಂದ ತೆಗೆದು, ಪ್ಯಾಡಿನ ಬೆನ್ನಿಗೆ ತೂತು ಕೊರೆದು, ಎಡಗೈಯ ತೋರುಬೆರಳಿಗೆ ಸಿಗುವಂತೆ ಕೂರಿಸಿದೆ, ಹೆಬ್ಬೆರಳು ದೋಣಿ ನಡೆಸಲಿ, ತೋರುಬೆರಳು ಗುಂಡು ಹೊಡೆಯಲಿ, ಒಂದೇ ಕೈ, ಆಹಾ! ಪ್ಲಗ್ಗು ಚುಚ್ಚಿದೆ, ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ, ಗುಂಡು — ಇಲ್ಲ, ಹಾರಲಿಲ್ಲ, ಪ್ಯಾಡನ್ನು ಮತ್ತೆ ಬಿಚ್ಚಿದೆ, ಆರನೆಯ ತಂತಿಯ ಬೆಸುಗೆ ಬಿಟ್ಟಿದೆ, ಮತ್ತೆ ಕಾಯಿಸು, ಊದು, ಮುಚ್ಚು, ಅಕ್ಕಾ ತಗೋ, ನಂಗೆ ಆಗುದಿಲ್ಲ ಮಾರಾಯ್ತಿ, ನೀನೇ ಆಡು, ಅಂತಾಳೆ, ಆಡ್ಬೇಡ ಅಕ್ಕಾ, ಸುಮ್ನೆ ಹಿಡ್ಕೊ, ಹಿಡಿದಳು, ದೇವರೇ, ಹಿಡಿದಳು, ಹೆಬ್ಬೆರಳು ಅಳುಕಿತು, ದೋಣಿ ಬಂಡೆಗೆ ಬಡಿಯಿತು, ಥೂ, ಮತ್ತೊಮ್ಮೆ ಹಾಕು, ಯಾರು ಹೇಳಿದ್ದು, ಅವಳೇ, ತೋರುಬೆರಳು ಬೆನ್ನಿನ ಗುಂಡಿ ಹುಡುಕುತ್ತಿದೆ, ಸಿಕ್ಕಿತು, ಹಳದಿ ಚುಕ್ಕೆಯೊಂದು ನೀರಿನ ಮೇಲೆ ಹಾರಿತು, ಬಂಡೆ ಚೂರು, ಅಕ್ಕನ ಸೊಟ್ಟ ಬಾಯಿ ನಗುತ್ತಿದೆ, ನಂಗೂ ಒಂದ್ಸಲ ಕೊಡೇ ಅಕ್ಕಾ, ಕೊಡುದಿಲ್ಲ ಹೋಗು, ಬೆರಳು ಒತ್ತುತ್ತದೆ, ಚುಕ್ಕೆ ಹಾರುತ್ತದೆ, ಬೆರಳು, ಚುಕ್ಕೆ, ಬೆರಳು —