ಬಿಸಿಲಿಗಿಟ್ಟ ಬ್ಯಾಟರಿ

ಒಣಹಾಕಿದ ಕುರಡಗಿ ಸಂಡಿಗೆ ತಿರುವಿಹಾಕಲು ಮಾಳಿಗೆ ಹತ್ತಿದ ತೃಪ್ತಿ ನಿಂತಲ್ಲೇ ನಿಂತಳು. ಹಾಸಿದ ಹಳೆ ಸೀರೆಯ ಅಂಚಿನಲ್ಲಿ, ಅರಭಾವಿಯ ಬ್ಯಾಸಗಿ ಬಿಸಿಲಿಗೆ ಮೈಯೊಡ್ಡಿ, ಅತ್ತೆ ಸುಂದರಾಬಾಯಿ ಸ್ತೋತ್ರ ಕೇಳುವ ಪ್ಲೇಯರ್ ಕೂತಿತ್ತು. ಬೆಂಕಿಪೊಟ್ಟಣದಷ್ಟು ಸಣ್ಣದು. ಒಳಗಿನ ಬ್ಯಾಟರಿ ಪೂರಿಯಂತೆ ಉಬ್ಬಿ ಬೆನ್ನಿನ ಮುಚ್ಚಳವನ್ನೇ ಎತ್ತಿತ್ತು.

ಇಟ್ಟವರು ಮಾವ ನೇಮಿನಾಥ. ರೇಡಿಯೋ ಸೆಲ್ಲು ಸೋತರೆ ಬಿಸಿಲಿಗಿಟ್ಟು ಮತ್ತೆ ವಾರ್ತೆ ಕೇಳಿದ ತಲೆಮಾರು ಅದು.

ತೃಪ್ತಿ ಅದನ್ನು ಮೆಲ್ಲಗೆ ನೆರಳಿನ ಬರಿಗಲ್ಲಿನ ಮೇಲಿಟ್ಟಳು. ವಾರದಿಂದ ಹೇಳಿ ಹೇಳಿ ಅವಳ ಬಾಯಿ ಬತ್ತಿತ್ತು. ಉಬ್ಬಿದ್ದನ್ನು ಚಾರ್ಜಿಗೆ ಹಚ್ಚಬೇಡಿ ಅಂದರೆ ಹಚ್ಚಿದರು. ಹಾಸಿಗೆಯ ಮೇಲೆ ಬೇಡ ಅಂದರೆ ದಿಂಬಿನ ಕೆಳಗಿಟ್ಟರು. ಪಿನ್ನು ಕೂತರೆ ಸಾಕೆಂದು ಯಾರದೋ ಚಾರ್ಜರ್ ತಂದರು.

"ಸೂಜೀಲೆ ಚುಚ್ಚಿದ್ರ ಸಪಾಟ ಆಗ್ತಿತ್ತು. ನೀನ ಬ್ಯಾಡಂದಿ," ಎಂದರು ಮಾವ ಮೆಟ್ಟಿಲ ಮೇಲಿಂದ.

"ಚುಚ್ಚಿದ್ರೂ ಬೆಂಕಿ, ಕಾಯಿಸಿದ್ರೂ ಬೆಂಕಿ. ಇದು ರೇಡಿಯೋ ಸೆಲ್ ಅಲ್ರಿ ಮಾವಾರ. ಬದಲಿ ಮಾಡಸಬೇಕ್ರಿ."

"ಹೌದೌದು. ಘಟಪ್ರಭಾದಾಗ ನಿಮ್ಮಣ್ಣನ ರಿಪೇರಿ ಅಂಗಡಿಗಿ ಗಿರಾಕಿ ಬೇಕಾಗ್ಯಾವ."

ಅಷ್ಟರಲ್ಲಿ, ಇಷ್ಟು ದಿನ ತುಟಿ ಬಿಚ್ಚದ ಅತ್ತೆ ಮಾವನ ಹಿಂದಿನಿಂದ ಮೆಲ್ಲಗೆ ಅಂದರು: "ಬ್ಯಾಟರಿ ತಗದ್ರ ಅಕ್ಕನ ದನಿ ಹೋಕ್ಕೈತವಾ."

ಅದರಲ್ಲಿದ್ದುದು ತೀರಿಹೋದ ಅವರ ಅಕ್ಕ ಹೇಳಿದ ಸ್ತೋತ್ರ. ಆ ದನಿ ಬೇರೆಲ್ಲೂ ಉಳಿದಿರಲಿಲ್ಲ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ತೃಪ್ತಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು.

"ಬಸದಿಯೊಳಗ ದೀಪದ ಎಣ್ಣಿ ಬದಲಿ ಮಾಡಿದ್ರ ಮೂರ್ತಿ ಹೋಕ್ಕೈತೇನ್ರಿ ಅತ್ತಿ? ದನಿ ಬ್ಯಾಟರಿಯೊಳಗ ಇಲ್ಲ, ಪ್ಲೇಯರಿನ ಮೆಮರಿಯೊಳಗ ಐತಿ. ಬೆಂಕಿ ಹತ್ತಿದ್ರ ಮಾತ್ರ ಎಲ್ಲಾ ಹೋಕ್ಕೈತಿ."

ಅತ್ತೆ ಹೂಂ ಅಂದ ಮೇಲೆ ತೃಪ್ತಿ ಫೋನ್ ಮಾಡಿದಳು. ಅಣ್ಣ ಜಿನದತ್ತ ಸಂಜೆ ಘಟಪ್ರಭಾದಿಂದ ತಾನೇ ಬಂದ. ಉಬ್ಬಿದ್ದನ್ನು ಒತ್ತದೆ, ಬಗ್ಗಿಸದೆ ಬಿಡಿಸಿ ಉಸುಕು ತುಂಬಿದ ಡಬ್ಬಿಗೆ ಹಾಕಿದ. ಅದೇ ಅಳತೆಯ, ಅಷ್ಟೇ ವೋಲ್ಟಿನ ಹೊಸದನ್ನು ಕೂಡಿಸಿದ. ಗುಂಡಿ ಒತ್ತಿದಾಗ ಮೊದಲು ಅಕ್ಕನದೊಂದು ಕೆಮ್ಮು, ಆಮೇಲೆ ಸ್ತೋತ್ರ. ಆ ಕೆಮ್ಮಿಗೇ ಸುಂದರಾಬಾಯಿ ಕೈ ಮುಗಿದರು.

ಮಾವ ಡಬ್ಬಿಯತ್ತ ನೋಡಿದರು. "ಹಂಗಾರ ಆ ಹಳೇದನ್ನ ಒಂದ ದಿನ ಬಿಸಿಲಿಗಿ…"

"ಮಾವಾರ."

"ಆತು ಬಿಡವಾ. ಒಯ್ಯಾಕ ಹೇಳು ನಿಮ್ಮಣ್ಣಗ."

ಕೇಳುತ್ತಿರುವ ಅಕ್ಕ, ಅಣ್ಣ, ಕಾಕಾ, ನಿಮ್ಮ ಮನೆಯಲ್ಲೂ ಒಂದು ಹಳೆಯ ಫೋನೋ ಪ್ಲೇಯರೋ ಇದ್ದೀತು. ಇವತ್ತೇ ಅದರ ಬೆನ್ನು ನೋಡಿ. ಉಬ್ಬಿದ್ದರೆ ಚಾರ್ಜ್ ನಿಲ್ಲಿಸಿ. ಚುಚ್ಚಬೇಡಿ, ಬಿಸಿಲಿಗಿಡಬೇಡಿ, ತಿಪ್ಪೆಗೆಸೆಯಬೇಡಿ, ರಿಪೇರಿ ಬಲ್ಲವರ ಕೈಗೆ ಕೊಡಿ. ಚೆನ್ನಾಗಿದ್ದುದನ್ನೂ ಅದರದೇ ಚಾರ್ಜರಿನಿಂದ, ಗಟ್ಟಿ ನೆಲದ ಮೇಲೆ, ಎಚ್ಚರಿದ್ದಾಗಲೇ ಚಾರ್ಜ್ ಮಾಡಿ. ಬಿಸಿಲು ಕುರಡಗಿಗೆ ಇರಲಿ.